ನಿಲ್ದಾಣವಿಲ್ಲದ ಊರಿನಲ್ಲಿ ನಿಲ್ದಾಣದ ಮಾತು

(ನಂದಗುಡಿಯಲ್ಲಿ ರೈತರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ನಿಲ್ದಾಣವೇ ಇಲ್ಲದ ಊರಿನಲ್ಲಿ ನಿಂತು ರೈಲು ನಿಲ್ದಾಣವನ್ನು ಕುರಿತು ಮಾತನಾಡುವುದು ವಿಚಿತ್ರವೆಂದು ತಮಗೆ ಅನ್ನಿಸಬಹುದು. ಮಣ್ಣು, ಬೆಳೆ, ಕೆರೆಗಳನ್ನು ಅಭ್ಯಾಸ ಮಾಡಿದವನಿಗೆ ಹಳಿಗಳ ಉಸಾಬರಿ ಏಕೆಂದು ಕೇಳಿದವರೂ ಇದ್ದಾರೆ. ಕಾರಣವಿದೆ. ಬೆಂಗಳೂರನ್ನು ಸುತ್ತುವರಿಯುವ 287 ಕಿಲೋಮೀಟರ್ ಉದ್ದದ ವರ್ತುಲ ರೈಲು ಮಾರ್ಗದ ಪ್ರಸ್ತಾವವನ್ನು 2024ರಲ್ಲಿ ರೈಲ್ವೆ ಖಾತೆಯ ರಾಜ್ಯ ಸಚಿವ ವಿ. ಸೋಮಣ್ಣನವರು ಪ್ರಕಟಿಸಿದರು. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರು ಇವು ಅದರ ಮುಖ್ಯ ಠಾಣೆಗಳು. ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ದೇವನಹಳ್ಳಿಯಿಂದ ಮಾಲೂರಿಗೆ ಒಂದು ಗೆರೆ ಎಳೆದು ನೋಡಿ. ಅದು ಸೂಲಿಬೆಲೆಯ ಆಸುಪಾಸಿನಲ್ಲಿ, ನಂದಗುಡಿಗೆ ಪಶ್ಚಿಮದಲ್ಲಿ ಹಾದುಹೋಗುತ್ತದೆ. ನಿಜವಾದ ಮಾರ್ಗ ಅತ್ತಿತ್ತ ಬಾಗಬಹುದು. ಆದರೆ ಹೊಸಕೋಟೆ ತಾಲ್ಲೂಕನ್ನು ತುಳಿಯದೆ ಅದು ಮಾಲೂರನ್ನು ಸೇರುವುದು ಕಷ್ಟ. ಹೀಗಿರುವಾಗ ಎಂಥ ನಿಲ್ದಾಣ ಹಳ್ಳಿಗೆ ಒದಗುತ್ತದೆ, ಎಂಥದು ಒದಗುವುದಿಲ್ಲ ಎಂಬುದನ್ನು ಗುರುತಿನ ಕಲ್ಲು ನೆಡುವ ಮೊದಲೇ ನಾವು ಅರಿತಿರಬೇಕು.

ನಂದಗುಡಿ ಎಲ್ಲಿದೆ ಎಂಬುದನ್ನು ಮೊದಲು ರೈಲಿನ ಲೆಕ್ಕದಲ್ಲಿ ನೋಡೋಣ. ದಕ್ಷಿಣಕ್ಕೆ ಬೆಂಗಳೂರು–ವೈಟ್‌ಫೀಲ್ಡ್–ಮಾಲೂರು–ಬಂಗಾರಪೇಟೆ ಮಾರ್ಗ. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ಮೊದಲ ಗಾಡಿ ಬಂದದ್ದು ಇದೇ ಮಾರ್ಗದಲ್ಲಿ. ಪಶ್ಚಿಮೋತ್ತರಕ್ಕೆ ಯಲಹಂಕ–ದೇವನಹಳ್ಳಿ–ಚಿಕ್ಕಬಳ್ಳಾಪುರ ಮಾರ್ಗ. ಅದು ಚಿಕ್ಕಬಳ್ಳಾಪುರದಿಂದ ಪೂರ್ವಕ್ಕೆ ಹೊರಳಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಮುಟ್ಟಿ ಬಂಗಾರಪೇಟೆಯಲ್ಲಿ ಹಳೆಯ ಮಾರ್ಗವನ್ನು ಕೂಡುತ್ತದೆ. ಈ ಎರಡನ್ನೂ ಸೇರಿಸಿ ನೋಡಿದರೆ ನಮ್ಮ ಸುತ್ತ ಹಳಿಗಳ ಒಂದು ಬಳೆ ಈಗಾಗಲೇ ಇದೆ. ನಂದಗುಡಿ ಆ ಬಳೆಯ ನಡುವಿನ ಬಯಲಿನಲ್ಲಿದೆ. ಹೊಸ ವರ್ತುಲ ಮಾರ್ಗವು ನಗರದವರಿಗೆ ಹೊರಸುತ್ತು. ನಮಗಾದರೋ ಅದು ಈ ಹಳೆಯ ಬಳೆಯನ್ನು ನಡುವೆ ಸೀಳುವ ಅಡ್ಡಗೆರೆ.

ಹಳೆಯ ಬಳೆಯ ಬಡಗಣ ಅರ್ಧದ ಚರಿತ್ರೆ ತಿಳಿಯತಕ್ಕದ್ದು. 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಅಲ್ಲಿ ಹಾಕಿದ್ದು ಎರಡೂವರೆ ಅಡಿ ಅಗಲದ ಕಿರಿದಾದ ಹಳಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಮುಂತಾದ ಕಲ್ಲು-ಹೆಂಚಿನ ಪುಟ್ಟ ನಿಲ್ದಾಣಗಳು ಆಗ ಎದ್ದವು. ಗಾಡಿಯ ವೇಗ ಎತ್ತಿನ ಬಂಡಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲವೆಂದು ಹಿರಿಯರು ತಮಾಷೆ ಮಾಡುವುದುಂಟು. ಆದರೂ ಹುರುಳಿ, ಆಲೂಗೆಡ್ಡೆ, ರೇಷ್ಮೆ, ಸಂತೆಗೆ ಹೋಗುವ ಜನ, ಎಲ್ಲವೂ ಅದರಲ್ಲಿ ಸಾಗಿದವು. ಬಳಿಕ ಬಸ್ಸು ಬಂತು, ಲಾರಿ ಬಂತು, ಸಣ್ಣ ಹಳಿ ಸೊರಗಿತು. ಚಿಕ್ಕಬಳ್ಳಾಪುರ–ಕೋಲಾರ ಭಾಗ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆದದ್ದು 2013ರಲ್ಲಿ. ಇಂದು ಆ ಹಳಿಯ ಮೇಲೆ ದಿನಕ್ಕೆ ಓಡುವ ಪ್ಯಾಸೆಂಜರ್ ಗಾಡಿಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು. ಹಳಿ ಅಗಲವಾಯಿತು, ಜನರಿಗೆ ದಾರಿ ಅಷ್ಟರಮಟ್ಟಿಗೆ ಅಗಲವಾಗಲಿಲ್ಲ. ಇದ್ದ ಬಳೆಯನ್ನು ಬಳಸದೆ ಹೊಸ ಬಳೆಗೆ ಅಳತೆ ಕೊಡುವ ಆತುರ ನನಗೆ ಅರ್ಥವಾಗಿಲ್ಲ.

ನಿತ್ಯ ಪ್ರಯಾಣದ ನಿಲ್ದಾಣವೆಂದರೇನು? ಕಟ್ಟಡದಿಂದ ಅದನ್ನು ಅಳೆಯಬಾರದು. ಬೆಳಿಗ್ಗೆ ಕೆಲಸದ ಹೊತ್ತಿಗೆ ಮುಟ್ಟಿಸಿ ಅದೇ ದಿನ ಮನೆಗೆ ಮರಳಿಸುವ ವೇಳಾಪಟ್ಟಿ ಇರಬೇಕು. ಒಂದು ಗಾಡಿ ತಪ್ಪಿದರೆ ಹೆಚ್ಚು ಕಾಯದೆ ಇನ್ನೊಂದು ಸಿಗಬೇಕು. ಇಳಿದಲ್ಲಿಂದ ಮುಂದಕ್ಕೆ ಒಯ್ಯಲು ಬಸ್ಸು ನಿಂತಿರಬೇಕು. ಇದಕ್ಕೆ ನಮ್ಮ ನೆರೆಯಲ್ಲಿರುವ ಅತ್ಯುತ್ತಮ ಉದಾಹರಣೆ ಕೋಲಾರದ ಚಿನ್ನದ ಗಣಿಯ ಊರು. ಬಂಗಾರಪೇಟೆಯಿಂದ ಗಣಿಗೆ ಹೋಗುವ ಕವಲು ಹಳಿಯನ್ನು 1890ರ ದಶಕದಲ್ಲಿ ಹಾಕಿದ್ದು ಕಂಪನಿಯ ಕಲ್ಲಿದ್ದಲು ಮತ್ತು ಯಂತ್ರಗಳಿಗಾಗಿ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಒಂದೇ ದುಡಿಮೆಯನ್ನು ನಂಬಿ ಶತಮಾನ ಕಳೆದ ಊರು ಅದು. ಇಷ್ಟು ಹೊತ್ತಿಗೆ ಆ ಊರು ಹಾಳುಬೀಳಬೇಕಿತ್ತು. ಬೀಳಲಿಲ್ಲ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂಬ ನಿಲ್ದಾಣಗಳಿಂದ ಸಾವಿರಾರು ಮಂದಿ ನಸುಕಿನಲ್ಲೇ ಗಾಡಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳತೊಡಗಿದರು. ಅವರು ಹೊಸ ಹಳಿ ಕೇಳಿದವರಲ್ಲ. ಇದ್ದ ಗಾಡಿ, ತಿಂಗಳ ಪಾಸು, ಇಷ್ಟರಿಂದಲೇ ಮನೆಮಠ, ಶಾಲೆ, ನೆರೆಹೊರೆಗಳನ್ನು ಉಳಿಸಿಕೊಂಡರು. ಅದರ ಬೆಲೆಯನ್ನು ಮರೆಮಾಚಲಾರೆ. ಮಕ್ಕಳು ಏಳುವ ಮೊದಲು ಹೊರಟು ಮಕ್ಕಳು ಮಲಗಿದ ಮೇಲೆ ಬರುವ ತಂದೆತಾಯಿಗಳ ಊರು ಅದು. ಆದರೂ ನಗರದ ಕೊಳೆಗೇರಿಗೆ ಗಂಟುಮೂಟೆ ಕಟ್ಟುವುದಕ್ಕಿಂತ ಇದು ಲೇಸೆಂದು ಅವರು ತೀರ್ಮಾನಿಸಿದರು. ಬೆಂಗಳೂರಿಗೆ ಉಪನಗರ ರೈಲಿಲ್ಲ ಎನ್ನುವವರಿಗೆ ನಾನು ಈ ಗಾಡಿಗಳನ್ನು ತೋರಿಸುತ್ತೇನೆ. ಹೆಸರಿಲ್ಲದ ಉಪನಗರ ರೈಲು ಬಹುಕಾಲದಿಂದ ಓಡುತ್ತಿದೆ.

ಹೆಸರಿರುವ ಉಪನಗರ ರೈಲಿನ ಕಥೆ ಬೇರೆ. 1983ರಷ್ಟು ಹಿಂದೆಯೇ ದಕ್ಷಿಣ ರೈಲ್ವೆಯ ತಂಡವೊಂದು ಬೆಂಗಳೂರಿಗೆ ನಿತ್ಯ ಪ್ರಯಾಣಿಕರ ಮಾರ್ಗಗಳನ್ನು ಸೂಚಿಸಿತ್ತು. ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2020ರ ಅಕ್ಟೋಬರಿನಲ್ಲಿ. ಒಟ್ಟು 148 ಕಿಲೋಮೀಟರ್, ನಾಲ್ಕು ಮಾರ್ಗಗಳು, 15,767 ಕೋಟಿ ರೂಪಾಯಿ ಅಂದಾಜು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟಿದ್ದಾರೆ. ಹೆಸರು ಅರಳಿದೆ, ಗಾಡಿ ಇನ್ನೂ ಓಡಿಲ್ಲ. ನಮಗೆ ಸಂಬಂಧಪಟ್ಟವು ಎರಡು: ನಗರದಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಬರುವ ಸಂಪಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಬರುವ ಪಾರಿಜಾತ. ಒಂದು ನಮ್ಮ ತಾಲ್ಲೂಕಿನ ವಾಯವ್ಯದ ಬಾಗಿಲಲ್ಲಿ ನಿಲ್ಲುತ್ತದೆ, ಇನ್ನೊಂದು ನೈರುತ್ಯದ ಬಾಗಿಲಲ್ಲಿ. ಇವನ್ನು ದೇವನಹಳ್ಳಿಯಿಂದ ಕೋಲಾರಕ್ಕೂ ವೈಟ್‌ಫೀಲ್ಡಿನಿಂದ ಬಂಗಾರಪೇಟೆಗೂ ಚಾಚುವ ಆಲೋಚನೆ 2023ರಲ್ಲಿ ಬಂತು. ನೈರುತ್ಯ ರೈಲ್ವೆ ಅದಕ್ಕೆ ಸಮ್ಮತಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ವರ್ತುಲ ಮಾರ್ಗಕ್ಕಿಂತ ಮಿಗಿಲಾದ ಆಲೋಚನೆಯಾಗಿತ್ತು, ಏಕೆಂದರೆ ಹಳಿ ಈಗಾಗಲೇ ಇರುವ ಊರುಗಳ ಮಾತು ಅದು.

ನಿಲ್ದಾಣ ಕಟ್ಟಿದ ಮಾತ್ರಕ್ಕೆ ಜನ ಬರುವುದಿಲ್ಲವೆಂಬುದಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣದ ಪಕ್ಕದ ಹಾಲ್ಟ್ ಸಾಕ್ಷಿ. ವಿಮಾನ ನಿಲ್ದಾಣ ಆರಂಭವಾದದ್ದು 2008ರಲ್ಲಿ. ಅದರ ಬೇಲಿಯಾಚೆಯೇ ಹಾದುಹೋಗುವ ಹಳಿಯ ಮೇಲೆ ಒಂದು ತಂಗುದಾಣ ತೆರೆಯಲು 2021ರ ಜನವರಿಯವರೆಗೆ ಕಾಯಬೇಕಾಯಿತು. ತೆರೆದ ದಿನ ಪತ್ರಿಕೆಗಳು ಸಂಭ್ರಮಿಸಿದವು. ಆದರೆ ವಿಮಾನಗಳು ಹಗಲಿರುಳು ಬರುವಲ್ಲಿ ದಿನಕ್ಕೆ ಕೆಲವೇ ರೈಲುಗಳು. ಪಾಳಿ ಬದಲಾಗುವ ಹೊತ್ತು ಒಂದು, ಗಾಡಿ ಬರುವ ಹೊತ್ತು ಇನ್ನೊಂದು. ಜನ ಬರಲಿಲ್ಲ. ಜನ ಬರಲಿಲ್ಲವೆಂದು ಕೆಲವು ಗಾಡಿಗಳು ನಿಂತವು. ಗಾಡಿ ಕಡಿಮೆಯೆಂದು ಬರುತ್ತಿದ್ದವರೂ ಬಿಟ್ಟರು. ಬೇರಿಗೆ ನೀರೆರೆಯದೆ ಗಿಡ ಬಾಡಿತೆಂದು ಕೀಳುವ ಬೇಸಾಯ ಇದು.

ಗಾಡಿಗಳನ್ನು ಹೆಚ್ಚಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲಿ ಹಳಿಯ ಗಣಿತವನ್ನು ಸ್ವಲ್ಪ ತಿಳಿಯಬೇಕು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಇರುವುದು ಒಂಟಿ ಹಳಿ. ಎದುರುಬದುರಿನ ಗಾಡಿಗಳು ದಾಟಬೇಕಾದರೆ ಒಂದು ಗಾಡಿ ಪಕ್ಕದ ಹಳಿಯುಳ್ಳ ನಿಲ್ದಾಣದಲ್ಲಿ ಕಾಯಬೇಕು. ಇದನ್ನೇ ಕ್ರಾಸಿಂಗ್ ಎನ್ನುವುದು. ಅಂಥ ಎರಡು ನಿಲ್ದಾಣಗಳ ನಡುವಿನ ತುಂಡು ಹಳಿಯಲ್ಲಿ ಒಂದು ಸಲಕ್ಕೆ ಒಂದೇ ಗಾಡಿ. ಆ ತುಂಡನ್ನು ದಾಟಲು 15 ನಿಮಿಷ ಬೇಕೆನ್ನಿ. ಆಗ ಗಂಟೆಗೆ ಎರಡೂ ದಿಕ್ಕು ಸೇರಿ ನಾಲ್ಕು ಗಾಡಿ ಕೂಡ ಸರಾಗವಾಗಿ ಹೋಗಲಾರವು. ಅದರಲ್ಲೂ ದೂರದ ಎಕ್ಸ್‌ಪ್ರೆಸ್ಸಿಗೆ ಮೊದಲ ಮರ್ಯಾದೆ. ಹಾಲ್ಟ್ ಎಂಬುದು ಜಗಲಿ ಮತ್ತು ನಾಮಫಲಕ ಮಾತ್ರ. ಅಲ್ಲಿ ಪಕ್ಕದ ಹಳಿಯಿಲ್ಲ, ಸಿಗ್ನಲ್ ಇಲ್ಲ. ಹಾಲ್ಟ್ ಕಟ್ಟುವುದು ಅಗ್ಗ. ಆದರೆ ಹಾಲ್ಟ್‌ಗಳನ್ನು ಎಷ್ಟು ಹೆಚ್ಚಿಸಿದರೂ ಗಾಡಿಗಳ ಸಂಖ್ಯೆ ಹೆಚ್ಚದು. ಕ್ರಾಸಿಂಗ್ ನಿಲ್ದಾಣ ಬೇಕು, ಅಥವಾ ಜೋಡಿ ಹಳಿ ಬೇಕು. ಜೊತೆಗೆ ಬೇಗ ವೇಗ ಹಿಡಿದು ಬೇಗ ನಿಲ್ಲಬಲ್ಲ ಮೆಮು ಬಗೆಯ ಗಾಡಿ ಬೇಕು. ಆದ್ದರಿಂದ ನಾಳೆ ಯಾರಾದರೂ ಬಂದು ‘ನಿಮಗೊಂದು ನಿಲ್ದಾಣ ಕೊಡುತ್ತೇವೆ’ ಎಂದರೆ, ‘ಹಾಲ್ಟೋ, ಕ್ರಾಸಿಂಗೋ?’ ಎಂದು ಕೇಳಿ. ಉತ್ತರ ಕೊಡಲು ಅವರು ತಡವರಿಸಿದರೆ ನಿಮಗೆ ಬೇಕಾದಷ್ಟು ತಿಳಿದಂತಾಯಿತು.

ಇನ್ನು ನನ್ನ ಕಸುಬಿನ ಕಡೆಗೆ ಬರುತ್ತೇನೆ. ಈ ಹೋಬಳಿಯ ಕೆಮ್ಮಣ್ಣಿನಲ್ಲಿ ರಾಗಿ ಮನೆಗೆ, ರೇಷ್ಮೆ ಮತ್ತು ತರಕಾರಿ ಪೇಟೆಗೆ. ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಟ್ಟ ಮೇಲೆ ಗೂಡು ಕಟ್ಟಲು ಎರಡು ಮೂರು ದಿನ, ಬಿಡಿಸಲು ಐದಾರು ದಿನ. ಅಲ್ಲಿಂದ ಮುಂದೆ ಕಾಲ ನಮ್ಮ ಕೈಯಲ್ಲಿಲ್ಲ. ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ನೂಲು ಕೆಡುತ್ತದೆ. ಮೂಟೆಯಲ್ಲಿ ಒತ್ತಿ ತುಂಬಿದರೆ ಕಾವೇರಿ ಗುಣಮಟ್ಟ ಇಳಿಯುತ್ತದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದೇ ಅರ್ಧ ಬೆಲೆ. ಸೊಪ್ಪು, ಹೂವಿನ ಪಾಡೂ ಇದೇ. ಕೊಯ್ದ ಗಳಿಗೆಯಿಂದ ಎಲೆ ನೀರು ಕಳೆದುಕೊಳ್ಳುತ್ತಾ ಹೋಗುತ್ತದೆ. ಇಂಥ ಸರಕಿಗೆ ಉಪನಗರ ರೈಲಿನಲ್ಲಿ ಜಾಗವಿದೆಯೇ? ಮುಂಬಯಿಯ ಲೋಕಲ್ ಗಾಡಿಗಳಲ್ಲಿದೆ. ಬುಟ್ಟಿ ಹೊತ್ತವರಿಗೆಂದೇ ಅಲ್ಲಿ ಪ್ರತ್ಯೇಕ ಡಬ್ಬಿಗಳಿವೆ. ಮೀನು ಮಾರುವ ಹೆಂಗಸರು, ತರಕಾರಿಯವರು, ಹಾಲಿನವರು ಅದರಲ್ಲಿ ಹೋಗುತ್ತಾರೆ. ನಮ್ಮ ನಾಲ್ಕು ಹೂವಿನ ಮಾರ್ಗಗಳ ಮಾತುಕತೆಯಲ್ಲಿ ಹವಾನಿಯಂತ್ರಿತ ಡಬ್ಬಿಗಳ ಪ್ರಸ್ತಾಪವನ್ನು ಬೇಕಾದಷ್ಟು ಕೇಳಿದ್ದೇನೆ. ಬುಟ್ಟಿಯ ಡಬ್ಬಿಯ ಮಾತನ್ನು ಎತ್ತಬೇಕಾದವರು ನಾವೇ.

ನಿಲ್ದಾಣ ಬಂದರೆ ಜಮೀನು ಹೋಗುತ್ತದೆ ಎಂಬ ಭಯ ಈ ಸಭೆಯಲ್ಲಿ ಹಲವರಿಗಿದೆ. ಭಯ ಸಕಾರಣವೇ, ಆದರೆ ತಪ್ಪಿತಸ್ಥ ಯಾರೆಂದು ಸರಿಯಾಗಿ ಗುರುತಿಸಬೇಕು. ವೈಟ್‌ಫೀಲ್ಡನ್ನು ನೋಡಿ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟದ್ದು ಬೇಸಾಯದ ವಸಾಹತಿಗಾಗಿ. ಸಂಘದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಹಳಿ ಅದಕ್ಕಿಂತ ಮೊದಲೇ ಇತ್ತು. ಮುಂದಿನ ನೂರು ವರ್ಷ ರೈಲು ಪಕ್ಕದಲ್ಲಿ ಓಡುತ್ತಲೇ ಇದ್ದರೂ ಆ ಊರು ತೋಟ, ಚರ್ಚು, ಹೆಂಚಿನ ಮನೆಗಳ ಶಾಂತ ಹಳ್ಳಿಯಾಗಿಯೇ ಉಳಿಯಿತು. ಅದನ್ನು ನುಂಗಿದ್ದು 1990ರ ದಶಕದ ತಂತ್ರಜ್ಞಾನ ಪಾರ್ಕು, ಅದರ ಬೆನ್ನಿಗೆ ಬಂದ ರಸ್ತೆ, ಭೂಪರಿವರ್ತನೆ ಮತ್ತು ಬಡಾವಣೆ. ಮೆಟ್ರೋ ಅಲ್ಲಿಗೆ ತಲುಪಿದ್ದು ಇದೆಲ್ಲ ಆದ ಮೇಲೆ, 2023ರಲ್ಲಿ. ನಮ್ಮ ತಾಲ್ಲೂಕಿನ ತೆಂಕಣ ಅಂಚಿನ ದೇವನಗೊಂದಿಯೂ ಅದೇ ಮಾರ್ಗದ ನಿಲ್ದಾಣ. ಅಲ್ಲಿ ರೈಲಿನ ಜೊತೆಗೆ ಬಂದದ್ದು ತೈಲದ ಡಿಪೋಗಳು. ರೈಲು ಯಾವುದರ ಜೊತೆಗೂಡಿ ಬರುತ್ತದೆ ಎಂಬುದರ ಮೇಲೆ ಊರಿನ ಗತಿ ನಿಂತಿದೆ.

ನಂದಗುಡಿಗೆ ಈ ಮಾತು ಹೊಸದಲ್ಲ. 2006–07ರಲ್ಲಿ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಈ ಐದು ಕಡೆ ಉಪನಗರಗಳನ್ನು ಕಟ್ಟುವ ಯೋಜನೆಯನ್ನು ಆಗಿನ ರಾಜ್ಯ ಸರ್ಕಾರ ಮುಂದಿಟ್ಟಿತು. ಇಲ್ಲಿ ವಿಶೇಷ ಆರ್ಥಿಕ ವಲಯದ ಮಾತೂ ಬಂತು. ನೀವು ಬೀದಿಗಿಳಿದಿರಿ, ಅದನ್ನು ನಾನು ನಿಮಗೆ ಹೇಳಬೇಕಿಲ್ಲ. ಈಗ ವರ್ತುಲ ರೈಲಿನ ಪಟ್ಟಿಯಲ್ಲಿ ಸೋಲೂರಿನ ಹೆಸರು, ಬಿಡದಿಯ ನೆರೆಯ ಹೆಜ್ಜಾಲದ ಹೆಸರು ಮತ್ತೆ ಕಾಣಿಸುತ್ತಿವೆ. ಇದು ಕಾಕತಾಳೀಯವಿರಬಹುದು. ಆದರೂ ರೈಲಿನ ನಕ್ಷೆಯನ್ನೂ ಉಪನಗರದ ನಕ್ಷೆಯನ್ನೂ ಬೇರೆ ಬೇರೆ ಕಚೇರಿಗಳಲ್ಲಿ ನೋಡದೆ ಒಂದರ ಮೇಲೊಂದಿಟ್ಟು ನೋಡುವುದು ಒಳ್ಳೆಯದು.

ನನಗಿರುವ ದೊಡ್ಡ ಆತಂಕ ನೀರಿನದು. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಕೆರೆಯ ಕಡೆಗೆ ಇಳಿಯುತ್ತಾಳೆ. ಅವಳ ಇಕ್ಕೆಲಗಳಲ್ಲಿ ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವ ಸರಪಣಿಗಳಿವೆ. ಮಳೆಗಾಲದ ಕೆಲವೇ ದಿನಗಳಲ್ಲಿ ಬಯಲಿನ ಮೇಲೆ ತೆಳ್ಳಗೆ ಹರಿದು ಬರುವ ನೀರೇ ಈ ಕೆರೆಗಳ ಆಹಾರ. ದೇವನಹಳ್ಳಿಯಿಂದ ಮಾಲೂರಿಗೆ ಹೋಗುವ ಯಾವ ಹಳಿಯೂ ಈ ಕೊಳ್ಳವನ್ನು ಅಡ್ಡಹಾಯಲೇಬೇಕು. ರೈಲಿಗೆ ಏರಿಳಿತ ಒಗ್ಗದು. ಆದುದರಿಂದ ತಗ್ಗಿನಲ್ಲಿ ಮಣ್ಣಿನ ಏರಿ ಹಾಕುತ್ತಾರೆ. ದೊಡ್ಡ ಹಳ್ಳಕ್ಕೆ ಸೇತುವೆ, ಕಾಲುವೆಗೆ ಮೋರಿ ಕೊಡುವುದು ವಾಡಿಕೆ. ನಕಾಶೆಯಲ್ಲಿಲ್ಲದ, ವರ್ಷಕ್ಕೆ ಹತ್ತು ದಿನ ಮಾತ್ರ ಹರಿಯುವ ತೆಳುನೀರಿಗೆ ಏನೂ ಕೊಡುವುದಿಲ್ಲ. ಏರಿಯ ಮೇಲ್ಬದಿಯಲ್ಲಿ ಜೌಗು, ಕೆಳಬದಿಯಲ್ಲಿ ಬರಿದಾದ ಕೆರೆ. ಅಂತರ್ಜಲ ಆಗಲೇ ಅತಿಬಳಕೆಯ ಮಟ್ಟ ಮುಟ್ಟಿರುವ ತಾಲ್ಲೂಕಿದು. ಒಂದು ಕೆರೆ ತುಂಬದಿದ್ದರೆ ಅದರ ಸುತ್ತಲಿನ ಕೊಳವೆಬಾವಿಗಳು ಮೊದಲ ಬೇಸಿಗೆಯಲ್ಲೇ ಲೆಕ್ಕ ಒಪ್ಪಿಸುತ್ತವೆ. ಹೊಲಕ್ಕೆ ಹೋಗುವ ಬಂಡಿದಾರಿಗೆಂದು ಹಳಿಯಡಿ ಕೊಡುವ ಕೆಳಸೇತುವೆಗಳು ಮಳೆ ಬಂದೊಡನೆ ಹೊಂಡಗಳಾಗುವುದನ್ನು ನೀವು ಬೇರೆಡೆ ಕಂಡಿರಬಹುದು.

ಕಾನೂನು ಇಲ್ಲಿ ನಮಗೆ ಅಷ್ಟಾಗಿ ನೆರವಾಗುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿಯಿದೆ, ವಿಮಾನ ನಿಲ್ದಾಣವಿದೆ, ರೈಲು ಮಾರ್ಗವಿಲ್ಲ. ಹಾಗಾಗಿ ಆ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಅಹವಾಲು ಸಭೆ ಇದಕ್ಕೆ ಕಡ್ಡಾಯವಲ್ಲ. ರೈಲ್ವೆ ಕಾಯಿದೆಗೆ 2008ರಲ್ಲಿ ಮಾಡಿದ ತಿದ್ದುಪಡಿಯ ದಾರಿ ಹಿಡಿದು ಜಮೀನು ಸ್ವಾಧೀನ ಮಾಡಿದರೆ, ಅಧಿಸೂಚನೆ ಹೊರಟ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಪರಿಹಾರದ ಲೆಕ್ಕ 2013ರ ಭೂಸ್ವಾಧೀನ ಕಾಯಿದೆಯಂತೆ ಸಿಗುತ್ತದೆ, ಆದರೆ ಆ ಕಾಯಿದೆಯ ಸಾಮಾಜಿಕ ಪರಿಣಾಮ ಅಧ್ಯಯನ ಇಲ್ಲಿಗೆ ಅನ್ವಯಿಸುವುದಿಲ್ಲ. ಮೂವತ್ತು ದಿನದಲ್ಲಿ ಕೆರೆ ಸರಪಣಿಯ ಅಧ್ಯಯನ ಮಾಡಲಾಗದು. ಅದು ಈಗಲೇ ಆಗಬೇಕಾದ ಕೆಲಸ.

ಹಾಗಾದರೆ ರೈಲು ಬೇಡವೆನ್ನೋಣವೇ? ನಾನು ಹಾಗೆನ್ನಲಾರೆ. ಹೊಸಕೋಟೆ–ಚಿಂತಾಮಣಿ ರಸ್ತೆಯಲ್ಲಿ ಬೆಳಗಿನ ಬಸ್ಸಿಗೆ ಜೋತುಬಿದ್ದು ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಇಲ್ಲೇ ಕುಳಿತಿದ್ದಾರೆ. ಅವರಿಗೆ ರೈಲು ಬೇಡವೆನ್ನುವ ಹಕ್ಕು ಸ್ವಂತ ವಾಹನದಲ್ಲಿ ಬಂದ ನನಗಿಲ್ಲ. ಆದರೆ ಬೇಡಿಕೆಯ ಅನುಕ್ರಮ ನಮ್ಮದಾಗಿರಲಿ. ಮೊದಲು ಚಿಕ್ಕಬಳ್ಳಾಪುರ–ಕೋಲಾರ ಹಳಿಯ ಮೇಲೆ ಬೆಳಿಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಮೆಮು ಗಾಡಿಗಳು, ನಂದಗುಡಿಯಿಂದ ಚಿಂತಾಮಣಿ, ದೇವನಹಳ್ಳಿ, ವೈಟ್‌ಫೀಲ್ಡ್ ನಿಲ್ದಾಣಗಳಿಗೆ ಗಾಡಿಯ ವೇಳೆಗೆ ಹೊಂದುವ ಬಸ್ಸು. ಇದಕ್ಕೆ ಒಂದು ಗುಂಟೆ ಜಮೀನೂ ಬೇಡ. ವರ್ತುಲ ಮಾರ್ಗ ಬರುವುದೇ ಆದರೆ ಹೋಬಳಿಗೊಂದು ಕ್ರಾಸಿಂಗ್ ನಿಲ್ದಾಣ, ಕೆರೆಯಂಗಳ ತಪ್ಪಿಸಿದ ಮಾರ್ಗ, ತೆಳುನೀರಿಗೂ ಮೋರಿ, ಬುಟ್ಟಿಯ ಡಬ್ಬಿ. ನಿಲ್ದಾಣಕ್ಕೆ ಬೇಕಾದಷ್ಟೇ ಭೂಮಿ, ಸುತ್ತಲಿನದು ಕೃಷಿ ವಲಯವಾಗಿಯೇ ಉಳಿಯುವುದೆಂಬ ಲಿಖಿತ ಮಾತು. ಸರಕಿನ ಗಾಡಿಗಳನ್ನು ನಗರದ ಹೊರಗೆ ಸಾಗಿಸಲು ಮಾತ್ರ ಈ ಹಳಿಯಾದರೆ, ಹಳ್ಳಿಗೆ ದಕ್ಕುವುದು ಏರಿ ಮತ್ತು ಸದ್ದು.

ವಿದ್ಯಾರ್ಥಿಗಳಿಗೆ ಎರಡು ಕೆಲಸಗಳನ್ನು ಒಪ್ಪಿಸುತ್ತೇನೆ. ಒಂದು, ಒಂದು ವಾರ ಬೆಳಗಿನ ಐದರಿಂದ ಒಂಬತ್ತರವರೆಗೆ ನಂದಗುಡಿಯ ಬಸ್ ನಿಲ್ದಾಣದಲ್ಲಿ ಸರದಿಯಂತೆ ಕುಳಿತು, ಯಾರು ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ಹೊರೆಯೊಡನೆ ಹೋಗುತ್ತಾರೆಂದು ಕೇಳಿ ಬರೆದುಕೊಳ್ಳಿ. ಎರಡು, ಗ್ರಾಮ ನಕಾಶೆಗಳನ್ನು ತಂದು ಈ ಮುಂಗಾರಿನ ಮೊದಲ ದೊಡ್ಡ ಮಳೆಯಲ್ಲಿ ಹಿರಿಯರೊಡನೆ ಹೊಲಗಳಲ್ಲಿ ನಡೆದು, ನೀರು ಎಲ್ಲೆಲ್ಲಿ ಹರಿಯಿತೆಂದು ಸರ್ವೆ ನಂಬರಿನ ಸಮೇತ ಗುರುತು ಹಾಕಿ. ನಕಾಶೆಯ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ, ಒಂದು ನಿಮ್ಮ ಕಾಲೇಜಿನಲ್ಲಿರಲಿ, ಮೂರನೆಯದನ್ನು ಸಮೀಕ್ಷೆಯವರು ಬಂದ ದಿನ ಅವರ ಕೈಗೆ ಕೊಟ್ಟು ಸ್ವೀಕೃತಿಯ ಸಹಿ ಪಡೆಯಿರಿ.